ಸ್ಪಿನ್: ಎಳೆಯುವುದು ತಿರುಗುವುದಾದ ಬಗೆ

ಗಿರ್ರನೆ ತನ್ನ ಸುತ್ತ ತಾನೇ ಸುತ್ತುವ ಚಲನೆಯನ್ನು ಹೇಳುವ ಇಂಗ್ಲಿಷ್ ಕ್ರಿಯಾಪದ ಸ್ಪಿನ್. ಬುಗುರಿ, ಚಿಮ್ಮಿದ ನಾಣ್ಯ, ಕ್ರಿಕೆಟ್ ಚೆಂಡು, ವಾಷಿಂಗ್ ಮೆಷೀನಿನ ಡ್ರಮ್ಮು, ಭೂಮಿ, ಎಲೆಕ್ಟ್ರಾನು, ಎಲ್ಲಕ್ಕೂ ಇಂದು ಈ ಒಂದೇ ಮಾತು ಸಾಕಾಗುತ್ತದೆ. ಆದರೆ ಸಾವಿರ ವರ್ಷಗಳ ಹಿಂದಿನ ಒಬ್ಬ ಇಂಗ್ಲಿಷ್ ರೈತನ ಮುಂದೆ ‘ಭೂಮಿ ಸ್ಪಿನ್ ಆಗುತ್ತದೆ’ ಎಂದಿದ್ದರೆ, ಭೂದೇವಿ ಉಣ್ಣೆ ಹಿಡಿದು ನೂಲು ತೆಗೆಯುತ್ತ ಕೂತಿದ್ದಾಳೆಂದೇ ಅವನು ತಿಳಿಯುತ್ತಿದ್ದ. ಆ ಕಾಲಕ್ಕೆ ಈ ಪದದ ಅರ್ಥ ನೂಲುವುದು ಮಾತ್ರ. ಸುತ್ತುವುದು ಎಂಬ ಅರ್ಥ ಇದಕ್ಕೆ ಅಂಟಿಕೊಂಡು ಇನ್ನೂ ನಾಲ್ಕುನೂರು ವರ್ಷ ತುಂಬಿದೆ ಅಷ್ಟೆ. ಇನ್ನೂ ಹಿಂದಕ್ಕೆ ಹೋದರೆ, ಪದದ ಬೇರಿನಲ್ಲಿ ತಿರುಗುವ ಸುಳಿವೇ ಇಲ್ಲ. ಅಲ್ಲಿರುವುದು ಎಳೆಯುವುದು, ಹಿಗ್ಗಿಸುವುದು.

ಬೇರು ಮತ್ತು ಬಳಗ

ಪ್ರಾಚೀನ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಸ್ಪಿನ್ನನ್’. ಜರ್ಮನ್ ಮತ್ತು ಡಚ್ ಭಾಷೆಗಳ ‘ಸ್ಪಿನ್ನೆನ್’, ಸ್ವೀಡಿಷಿನ ‘ಸ್ಪಿನ್ನ’, ನಾಲ್ಕನೆಯ ಶತಮಾನದ ಬೈಬಲ್ ಅನುವಾದದಿಂದ ನಮಗೆ ತಿಳಿದಿರುವ ಗೋಥಿಕ್ ಭಾಷೆಯ ‘ಸ್ಪಿನ್ನನ್’, ಎಲ್ಲವೂ ಒಂದೇ ಮನೆಯ ಮಕ್ಕಳು. ಎಲ್ಲಕ್ಕೂ ಮೊದಲ ಅರ್ಥ ನೂಲುವುದೇ. ಭಾಷಾವಿಜ್ಞಾನಿಗಳು ಇವುಗಳ ಹಿಂದೆ ‘ಸ್ಪೆನ್’ ಅಥವಾ ‘ಪೆನ್’ ಎಂಬ ಇಂಡೋ-ಯುರೋಪಿಯನ್ ಧಾತುವನ್ನು ಊಹಿಸುತ್ತಾರೆ. ಎಳೆ, ಹಿಗ್ಗಿಸು, ನೂಲು ಎಂಬುದು ಅದರ ಅರ್ಥ. ಆ ಧಾತುವಿನಿಂದ ಬಂದ ಲಿಥುವೇನಿಯನ್ ಪದ ಹೆಣೆಯುವುದನ್ನು ಹೇಳುತ್ತದೆ, ಹಳೆಯ ಸ್ಲಾವಿಕ್ ಪದ ಬಿಗಿಯಾಗಿ ಎಳೆಯುವುದನ್ನು. ತಿರುಗುವುದನ್ನು ಹೇಳುವ ನೆಂಟ ಯಾವ ದಿಕ್ಕಿನಲ್ಲೂ ಸಿಗುವುದಿಲ್ಲ.

ಇದರಲ್ಲಿ ಕನ್ನಡದವರಿಗೆ ಅಚ್ಚರಿಯೇನೂ ಇರಬಾರದು. ನಾವೂ ‘ನೂಲು ತೆಗೆಯುವುದು’, ‘ಎಳೆ ತೆಗೆಯುವುದು’ ಎನ್ನುತ್ತೇವೆ. ನೂಲುವವಳ ಕಣ್ಣು ತಿರುಗುವ ಕದಿರಿನ ಮೇಲೆ ಇರುವುದಿಲ್ಲ, ಬೆರಳ ನಡುವಿನಿಂದ ಇಳಿದುಬರುವ ಎಳೆಯ ಮೇಲೆ ಇರುತ್ತದೆ. ಹಂಜಿಯಿಂದ ಎಳೆ ಸಮನಾಗಿ ಜಾರಬೇಕು, ದಪ್ಪವಾಗಬಾರದು, ಹರಿಯಬಾರದು. ಕೌಶಲವೆಲ್ಲ ಆ ಎಳೆತದಲ್ಲಿ. ಪದ ಕಟ್ಟಿದವರು ನೂಲುವವರೇ ಆಗಿದ್ದರೆ ಅವರು ಎಳೆತವನ್ನೇ ಹೆಸರಿಸಿದ್ದು ಸಹಜ.

ಬಳಗದ ಪದಗಳು ಒಂದೊಂದು ಊರಿನಲ್ಲಿ ಒಂದೊಂದು ದಾರಿ ಹಿಡಿದಿವೆ. ಜರ್ಮನಿಯಲ್ಲಿ ಯಾರಿಗಾದರೂ ‘ನೀನು ನೂಲುತ್ತಿದ್ದೀಯ’ ಎಂದರೆ ತಲೆ ಕೆಟ್ಟಿದೆಯೇ ಎಂದು ಕೇಳಿದ ಹಾಗೆ. ಡಚ್ಚರ ಮತ್ತು ಸ್ವೀಡನ್ನರ ಮನೆಗಳಲ್ಲಿ ಬೆಕ್ಕು ಕೂಡ ‘ನೂಲುತ್ತದೆ’. ಒಡತಿಯ ಮಡಿಲಲ್ಲಿ ಸುಖವಾಗಿ ಗುರ್‌ಗುಡುವುದಕ್ಕೆ ಅಲ್ಲಿ ಇದೇ ಕ್ರಿಯಾಪದ. ರಾಟೆಯ ಸದ್ದು ಕೇಳಿದವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ.

ಕದಿರಿನ ಕೆಲಸ

ಅರ್ಥ ಹೊರಳಿದ್ದು ಹೇಗೆಂದು ತಿಳಿಯಲು ಉಪಕರಣವನ್ನು ನೋಡಬೇಕು. ಹತ್ತಿಯ ಒಂದು ಎಳೆ ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ಉದ್ದವಿರುವುದಿಲ್ಲ. ಅಂಥ ಸಾವಿರಾರು ತುಂಡು ಎಳೆಗಳನ್ನು ಗಂಟಿಲ್ಲದೆ, ಅಂಟಿಲ್ಲದೆ ಮೈಲುಗಟ್ಟಲೆ ಉದ್ದದ ದಾರವಾಗಿಸುವುದು ತಿರುವು. ನೂಲಿಗೆ ತಿರುವು ಕೊಟ್ಟಾಗ ಎಳೆಗಳು ಒಂದನ್ನೊಂದು ಸುತ್ತಿ ಒತ್ತಿಕೊಳ್ಳುತ್ತವೆ. ಜಗ್ಗಿದಷ್ಟೂ ಒತ್ತಡ ಹೆಚ್ಚುತ್ತದೆ, ಒತ್ತಡ ಹೆಚ್ಚಿದಷ್ಟೂ ಎಳೆಗಳು ಜಾರದೆ ನಿಲ್ಲುತ್ತವೆ. ಕನ್ನಡದಲ್ಲಿ ಈ ತಿರುವಿಗೆ ಹುರಿ ಎಂದು ಹೆಸರು. ಹುರಿ ತಪ್ಪಿದ ನೂಲು ಮತ್ತೆ ಅರಳೆಯೇ.

ಈ ಹುರಿ ಕೊಡುವ ಅತ್ಯಂತ ಹಳೆಯ ಸಾಧನ ಕೈಕದಿರು. ಗೇಣುದ್ದದಿಂದ ಮೊಳದುದ್ದದವರೆಗಿನ ಒಂದು ಕಡ್ಡಿ, ಅದರ ಬುಡಕ್ಕೋ ತಲೆಗೋ ಸಿಕ್ಕಿಸಿದ ಮಣ್ಣಿನ, ಕಲ್ಲಿನ ಅಥವಾ ಮರದ ಒಂದು ಬಿಲ್ಲೆ. ಎಳೆಯ ತುದಿಯನ್ನು ಕಡ್ಡಿಗೆ ಕಟ್ಟಿ ಬೆರಳಿನಿಂದ ಚಿಮ್ಮಿ ತಿರುಗಿಸಿ ಬಿಟ್ಟರೆ, ಬಿಲ್ಲೆಯ ತೂಕದಿಂದಾಗಿ ತಿರುಗು ಸ್ವಲ್ಪ ಹೊತ್ತು ನಿಲ್ಲದೆ ನಡೆಯುತ್ತದೆ. ಅಷ್ಟರಲ್ಲಿ ಎರಡೂ ಕೈ ಖಾಲಿ. ಹಂಜಿಯಿಂದ ಎಳೆ ಬಿಡುತ್ತ ಹೋಗಬಹುದು. ಕದಿರು ನೆಲ ಮುಟ್ಟಿದಾಗ ಎತ್ತಿ ನೂಲನ್ನು ಅದಕ್ಕೇ ಸುತ್ತಿ ಮತ್ತೆ ಚಿಮ್ಮಬೇಕು. ಮೊಹೆಂಜೊದಾರೊ ಸೇರಿದಂತೆ ಸಿಂಧೂ ನಾಗರಿಕತೆಯ ನೆಲೆಗಳಲ್ಲಿ ಈ ಬಿಲ್ಲೆಗಳು ಧಾರಾಳವಾಗಿ ಸಿಕ್ಕಿವೆ. ಕಡ್ಡಿ ಮಣ್ಣಾಗುತ್ತದೆ, ನೂಲು ಮಣ್ಣಾಗುತ್ತದೆ, ಸುಟ್ಟ ಮಣ್ಣಿನ ಬಿಲ್ಲೆ ಮಾತ್ರ ಉಳಿಯುತ್ತದೆ.

ನೂಲುವುದೆಂದರೆ ಹೀಗೆ ಎರಡು ಕೆಲಸ, ಎಳೆಯುವುದು ಮತ್ತು ತಿರುಗಿಸುವುದು. ಮಾಡುವವಳಿಗೆ ಮುಖ್ಯವಾದದ್ದು ಮೊದಲನೆಯದು. ಬಾಗಿಲಲ್ಲಿ ನಿಂತು ನೋಡುವವನಿಗೆ ಕಾಣುವುದು ಎರಡನೆಯದು, ಗಿರಗಿರ ಸುತ್ತುವ ಕಡ್ಡಿ. ಸ್ಪಿನ್ ಎಂಬ ಪದ ನೂಲುವವಳ ಬಾಯಿಂದ ನೋಡುವವನ ಬಾಯಿಗೆ ದಾಟಿದಾಗ ಅದರ ಅರ್ಥವೂ ಎಳೆಯಿಂದ ಕಡ್ಡಿಗೆ ದಾಟಿತು ಎಂದು ನನಗನಿಸುತ್ತದೆ.

ಅರ್ಥ ಹೊರಳಿದ ಕಾಲ

ಬರವಣಿಗೆಯ ಸಾಕ್ಷ್ಯದಲ್ಲಿ ಈ ದಾಟುವಿಕೆ ಕಾಣಿಸುವುದು 17ನೆಯ ಶತಮಾನದಲ್ಲಿ. 1610ರ ದಶಕದಲ್ಲಿ ‘ವೇಗವಾಗಿ ತಿರುಗಿಸು’ ಎಂಬ ಸಕರ್ಮಕ ಅರ್ಥ, 1660ರ ದಶಕದ ಹೊತ್ತಿಗೆ ‘ತಾನೇ ಗಿರ್ರನೆ ತಿರುಗು’ ಎಂಬ ಅಕರ್ಮಕ ಅರ್ಥ. 1611ರಲ್ಲಿ ಅಚ್ಚಾದ ಜೇಮ್ಸ್ ದೊರೆಯ ಕಾಲದ ಇಂಗ್ಲಿಷ್ ಬೈಬಲಿನಲ್ಲಿ ಹೊಲದ ಲಿಲ್ಲಿ ಹೂಗಳನ್ನು ಕುರಿತ ಯೇಸುವಿನ ಮಾತು ಬರುತ್ತದೆ. ಅವು ದುಡಿಯುವುದೂ ಇಲ್ಲ, ಸ್ಪಿನ್ ಮಾಡುವುದೂ ಇಲ್ಲ ಎಂಬ ಅರ್ಥದ್ದು. ಅಂದಿನ ಓದುಗನಿಗೆ ಅಲ್ಲಿ ಯಾವ ಗೊಂದಲವೂ ಇರಲಿಲ್ಲ. ಇಂದಿನ ಇಂಗ್ಲಿಷ್ ಮಗುವಿಗೆ ಹೂವು ಗಿರಗಿಟ್ಲೆಯಾಗಿ ಸುತ್ತುವುದಿಲ್ಲ ಎಂದು ಕೇಳಿಸಿದರೆ ತಪ್ಪೇನಿಲ್ಲ.

ಭೂತಕಾಲದ ರೂಪವೂ ಈ ನಡುವೆ ಬದಲಾಯಿತು. ಹಿಂದೆ ‘ಸ್ಪ್ಯಾನ್’ ಎನ್ನುತ್ತಿದ್ದರು. 1381ರ ರೈತರ ದಂಗೆಯಲ್ಲಿ ಪಾದ್ರಿ ಜಾನ್ ಬಾಲ್ ಉಪದೇಶಕ್ಕೆ ಆರಿಸಿಕೊಂಡ, ಆದಾಮನ ಅಗೆತವನ್ನೂ ಹವ್ವಳ ನೂಲನ್ನೂ ಮುಂದಿಟ್ಟು ಆಗ ದೊರೆಮಗ ಎಲ್ಲಿದ್ದನೆಂದು ಕೇಳುವ ಪ್ರಾಸದ ಮಾತಿನಲ್ಲಿ ಆ ರೂಪ ಇಂದಿಗೂ ಜೀವಂತವಾಗಿದೆ. ಬೇರೆಡೆಯೆಲ್ಲ ‘ಸ್ಪನ್’ ಅದನ್ನು ನುಂಗಿತು.

ಇಂಗ್ಲಿಷಿನಲ್ಲಿ ಸುತ್ತುವುದಕ್ಕಿರುವ ಇತರ ಪದಗಳನ್ನು ಪಕ್ಕದಲ್ಲಿಟ್ಟರೆ ಒಂದು ಸ್ವಾರಸ್ಯ ಕಾಣುತ್ತದೆ. ಟರ್ನ್ ಎಂಬುದು ಲ್ಯಾಟಿನ್ನಿನ ‘ತೋರ್ನಾರೆ’ಯಿಂದ ಬಂದದ್ದು, ಅದರ ಮೂಲ ಗ್ರೀಕಿನ ‘ತೋರ್ನೋಸ್’, ಅಂದರೆ ವೃತ್ತ ಎಳೆಯುವ ಸಾಧನ ಮತ್ತು ಮರ ಕಡೆಯುವ ಚರಕಿಯಂತ್ರ, ನಾವೀಗ ಲೇತ್ ಎನ್ನುವುದು. ರೊಟೇಟ್ ಲ್ಯಾಟಿನ್ನಿನ ‘ರೋತ’ದಿಂದ, ಅಂದರೆ ಗಾಲಿಯಿಂದ, ಸಂಸ್ಕೃತದ ರಥ ಅದರ ದಾಯಾದಿ. ಮೂರು ಪದ, ಮೂರರ ಹಿಂದೆಯೂ ಒಂದೊಂದು ಉಪಕರಣ: ಕದಿರು, ಲೇತ್, ಗಾಲಿ. ವರ್ಲ್ ಮಾತ್ರ ಎದುರು ದಾರಿಯಲ್ಲಿ ನಡೆಯಿತು. ಅದು ಮೊದಲಿನಿಂದಲೂ ಸುಳಿಯುವ ಚಲನೆಯ ಹೆಸರು. ಅದರದೇ ಇನ್ನೊಂದು ರೂಪ ‘ವೋರ್ಲ್’ ಕದಿರಿನ ಬಿಲ್ಲೆಗೆ ಹೆಸರಾಗಿ ಕೂತಿತು. ಒಂದೇ ಕಡ್ಡಿಯ ಮೇಲೆ ಒಂದು ಪದ ವಸ್ತುವಿನಿಂದ ಚಲನೆಗೆ ಇಳಿಯಿತು, ಇನ್ನೊಂದು ಚಲನೆಯಿಂದ ವಸ್ತುವಿಗೆ ಏರಿತು.

ಕನ್ನಡ ಸಾಮಾನ್ಯವಾಗಿ ವರ್ಲ್‌ನ ದಾರಿಯದು. ತಿರುಗು, ಸುತ್ತು, ಉರುಳು, ಹೊರಳು ಎಲ್ಲ ಚಲನೆಯದೇ ಹೆಸರು. ತಿರುಗಣಿ, ತಿರುಪು ಎಂಬ ವಸ್ತುಗಳ ಹೆಸರು ಆಮೇಲೆ ಬಂದವು. ಕಡೆ ಎಂಬ ಕ್ರಿಯಾಪದದ ವಿಸ್ತಾರ ಇನ್ನೂ ಚೆನ್ನ. ಮಜ್ಜಿಗೆ ಕಡೆಯುವುದಕ್ಕೂ, ಹೊಯ್ಸಳ ಗುಡಿಗಳ ನುಣುಪಾದ ದುಂಡುಕಂಬಗಳನ್ನು ಕಡೆಯುವುದಕ್ಕೂ ಅದೇ ಮಾತು. ಕಡೆಗೋಲಿಗೆ ಹಗ್ಗ ಸುತ್ತಿ ಆಚೆ ಈಚೆ ಎಳೆಯುವುದೂ, ಹಗ್ಗದ ಬಲದಿಂದ ಮರವನ್ನು ತಿರುಗಿಸಿ ಉಳಿ ಹಿಡಿಯುವುದೂ ಕೈಗೆ ಒಂದೇ ಕೆಲಸ.

ಜೇಡ, ಕನ್ಯೆ, ಕದಿರುಪಾಳಯ

ಸ್ಪಿನ್ ತನ್ನ ಹಳೆಯ ಅರ್ಥದಲ್ಲಿ ಹೆತ್ತ ಮಕ್ಕಳನ್ನು ನೋಡಿದರೆ ಅದು ಎಂಥ ಮನೆವಾರ್ತೆಯ ಪದವಾಗಿತ್ತೆಂದು ತಿಳಿಯುತ್ತದೆ.

ಸ್ಪಿಂಡಲ್ ಅಂದರೆ ಕದಿರು. ಪ್ರಾಚೀನ ರೂಪ ‘ಸ್ಪಿನೆಲ್’. ನಡುವಿನ ಡಕಾರ ನಾಲಗೆಯ ಅನುಕೂಲಕ್ಕೆ ಆಮೇಲೆ ಸೇರಿಕೊಂಡದ್ದು. ಸ್ಪೈಡರ್ ಅಂದರೆ ನೂಲುವವನು. ಮೂಲದ ಅನುನಾಸಿಕ ಉದುರಿಹೋದದ್ದರಿಂದ ಇಂಗ್ಲಿಷರ ಕಿವಿಗೆ ಸ್ಪಿನ್ ಮತ್ತು ಸ್ಪೈಡರ್ ಅಕ್ಕತಂಗಿಯರೆಂದು ಕೇಳಿಸುವುದಿಲ್ಲ. ಜರ್ಮನ್ನರು ಜೇಡಕ್ಕೆ ‘ಸ್ಪಿನ್ನೆ’ ಎಂದೇ ಹೇಳುವುದರಿಂದ ಅವರಿಗೆ ಆ ಮರೆವಿಲ್ಲ. ಇಲ್ಲಿ ಕನ್ನಡವನ್ನು ನೆನೆಯದೆ ಮುಂದೆ ಹೋಗಲಾಗದು. ನಮ್ಮ ಜೇಡ ಎಂಬ ಪದಕ್ಕೆ ಎಂಟು ಕಾಲಿನ ಹುಳುವೂ ಅರ್ಥ, ನೇಕಾರನೂ ಅರ್ಥ. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಆ ಎರಡನೆಯ ಅರ್ಥ. ಇಂಗ್ಲಿಷರು ಆ ಹುಳುವಿನಲ್ಲಿ ನೂಲುವವನನ್ನು ಕಂಡರೆ ಕನ್ನಡಿಗರು ನೇಯುವವನನ್ನು ಕಂಡರು. ಹುಳು ಎರಡನ್ನೂ ಮಾಡುತ್ತದೆ.

ಸ್ಪಿನ್‌ಸ್ಟರ್ ಎಂಬ ಪದದ ಕತೆ ಇಷ್ಟು ಹಗುರವಲ್ಲ. 14ನೆಯ ಶತಮಾನದಲ್ಲಿ ಅದಕ್ಕೆ ನೂಲುವವಳು ಎಂಬುದೊಂದೇ ಅರ್ಥ. ಕೊನೆಯ ‘ಸ್ಟರ್’ ಹೆಂಗಸರ ಕಸುಬನ್ನು ಸೂಚಿಸುವ ಪ್ರತ್ಯಯ. ಮಗ್ಗವೊಂದಕ್ಕೆ ಬಿಡುವಿಲ್ಲದೆ ನೂಲು ಒದಗಿಸಲು ಹಲವು ಕೈ ಬೇಕಿತ್ತು, ಆ ಕೈಗಳೆಲ್ಲ ಬಹುಮಟ್ಟಿಗೆ ಹೆಂಗಸರವು. ಗಂಡನ ಹೊಲಮನೆಯ ಆಸರೆ ಇಲ್ಲದ ಹೆಣ್ಣಿಗೆ ಸ್ವಂತ ಸಂಪಾದನೆಗೆ ಇದ್ದ ಕೆಲವೇ ದಾರಿಗಳಲ್ಲಿ ನೂಲುವುದು ಒಂದು. ಕಾಗದಪತ್ರಗಳಲ್ಲಿ ಹೆಸರಿನ ಮುಂದೆ ಕಸುಬನ್ನು ಬರೆಯುವ ರೂಢಿಯಿದ್ದುದರಿಂದ, 17ನೆಯ ಶತಮಾನದ ಹೊತ್ತಿಗೆ ಕಸುಬಿನ ಹೆಸರೇ ಮದುವೆಯಾಗದ ಹೆಣ್ಣಿನ ಕಾನೂನುಬದ್ಧ ಗುರುತಾಯಿತು. ಆಮೇಲೆ ಅದರಲ್ಲಿ ವಯಸ್ಸು ಮೀರಿದವಳು ಎಂಬ ಕುಹಕ ಸೇರಿತು. ತನ್ನ ಕೂಳನ್ನು ತಾನೇ ದುಡಿದುಕೊಂಡವಳ ಹೆಸರು ಮೂದಲಿಕೆಯಾಯಿತು. ಇಂಗ್ಲೆಂಡ್ ಮತ್ತು ವೇಲ್ಸಿನ ಮದುವೆ ದಾಖಲೆಗಳಿಂದ ಈ ಪದವನ್ನು ತೆಗೆದದ್ದು 2005ರ ಡಿಸೆಂಬರಿನಲ್ಲಿ. ಗಂಡಿನ ಪಾಲಿನ ‘ಬ್ಯಾಚಲರ್’ ಕೂಡ ಅಂದೇ ಹೋಯಿತು. ಇಬ್ಬರೂ ‘ಸಿಂಗಲ್’ ಆದರು.

ಕದಿರು ಹೆಣ್ಣಿನ ಗುರುತಾಗಿದ್ದುದಕ್ಕೆ ಇನ್ನೂ ಹಳೆಯ ದಾಖಲೆಯಿದೆ. 899ರಲ್ಲಿ ತೀರಿಕೊಂಡ ದೊರೆ ಆಲ್ಫ್ರೆಡ್ ತನ್ನ ಉಯಿಲಿನಲ್ಲಿ ವಂಶವನ್ನು ಎರಡು ಪಾಳಯ ಮಾಡುತ್ತಾನೆ, ಈಟಿಯ ಕಡೆ ಮತ್ತು ಕದಿರಿನ ಕಡೆ. ತನ್ನ ಅಜ್ಜ ಆಸ್ತಿ ಬಿಟ್ಟುಹೋದದ್ದು ಈಟಿಯ ಕಡೆಗೆ ಎಂಬುದು ಅವನ ವಾದ.

ರಾಟೆ ಬಂದದ್ದು

ಕದಿರನ್ನು ಅಡ್ಡ ಮಲಗಿಸಿ, ದೊಡ್ಡ ಗಾಲಿಗೆ ದಾರದಿಂದ ಜೋಡಿಸಿದರೆ ರಾಟೆ. ಗಾಲಿ ಒಂದು ಸುತ್ತು ಬಂದರೆ ಕದಿರು ಹತ್ತಾರು ಸುತ್ತು. ಈ ಯಂತ್ರ ಹುಟ್ಟಿದ್ದು ಭಾರತದಲ್ಲೋ, ಚೀನಾದಲ್ಲೋ, ಪಶ್ಚಿಮ ಏಷ್ಯಾದಲ್ಲೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಯುರೋಪಿಗೆ ಅದು 13ನೆಯ ಶತಮಾನದಲ್ಲಿ ಬಂತು, ಬಂದಾಗ ಅಷ್ಟೇನೂ ಮರ್ಯಾದೆ ಸಿಗಲಿಲ್ಲ. ಸುಮಾರು 1280ರಲ್ಲಿ ಜರ್ಮನಿಯ ಸ್ಪೇಯರ್ ಪಟ್ಟಣದ ಬಟ್ಟೆ ತಯಾರಕರ ಸಂಘ, ರಾಟೆಯ ನೂಲನ್ನು ಹೊಕ್ಕಿಗೆ ಬಳಸಬಹುದು, ಹಾಸಿಗೆ ಬಳಸಬಾರದು ಎಂದು ಕಟ್ಟಳೆ ಮಾಡಿತು. ಮಗ್ಗದಲ್ಲಿ ಬಿಗಿದು ನಿಲ್ಲುವ ಹಾಸಿಗೆ ಗಟ್ಟಿ ನೂಲು ಬೇಕು. ರಾಟೆಯ ನೂಲಿನ ಗಟ್ಟಿತನ ಅವರಿಗೆ ಇನ್ನೂ ನಂಬಿಕೆಗೆ ಬಂದಿರಲಿಲ್ಲ.

ಭಾರತದ ಸಾಕ್ಷ್ಯದಲ್ಲಿ ಕನ್ನಡನಾಡಿನ ಪಾಲು ದೊಡ್ಡದು. ಚರಕವನ್ನು ಸ್ಪಷ್ಟವಾಗಿ ಹೆಸರಿಸುವ ಹಳೆಯ ಉಲ್ಲೇಖವೆಂದು ಇತಿಹಾಸಕಾರ ಇರ್ಫಾನ್ ಹಬೀಬ್ ಎತ್ತಿ ತೋರಿಸಿದ್ದು ಇಸಾಮಿ ಎಂಬ ಕವಿ 1350ರಲ್ಲಿ ಮುಗಿಸಿದ ‘ಫುತೂಹ್-ಉಸ್-ಸಲಾತೀನ್’ ಎಂಬ ಪಾರಸಿ ಕಾವ್ಯವನ್ನು. ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ಸುಲ್ತಾನನ ಆಶ್ರಯದಲ್ಲಿ ಬರೆದದ್ದು ಅದು. ದಿಲ್ಲಿಯಲ್ಲಿ 1236ರಿಂದ 1240ರವರೆಗೆ ಆಳಿದ ರಜಿಯಾಳನ್ನು ಕುರಿತು ಬರೆಯುವಾಗ ಕವಿ, ಹೆಣ್ಣಿಗೆ ಸಿಂಹಾಸನವಲ್ಲ, ಚರಕವೇ ತಕ್ಕ ಜಾಗ ಎಂದು ಹಂಗಿಸುತ್ತಾನೆ. ಅವನ ಕೊಂಕು ತಂತ್ರಜ್ಞಾನದ ಇತಿಹಾಸಕ್ಕೆ ಆಧಾರವಾಗಿ ಒದಗಿತು. ಅದಕ್ಕಿಂತ ಹಿಂದಿನ ಸುಳಿವು ವಚನಗಳಲ್ಲಿದೆ. 12ನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆಯ ಕಾಯಕವೇ ನೂಲುವುದು; ತಾನು ತಿರುಗಿಸುವ ರಾಟೆಯ ಅಂಗಾಂಗಗಳನ್ನೇ ಆಕೆ ಅನುಭಾವಕ್ಕೆ ರೂಪಕ ಮಾಡಿಕೊಂಡಿದ್ದಾಳೆ. ದಕ್ಷಿಣದ ಜವಳಿ ಕಸುಬಿನ ಬಗ್ಗೆ ಬರೆದ ವಿಜಯಾ ರಾಮಸ್ವಾಮಿ ಈ ವಚನದತ್ತ ವಿದ್ವಾಂಸರ ಗಮನ ಸೆಳೆದರು. ವಚನಗಳು ಸಂಕಲನಗೊಂಡದ್ದು 15ನೆಯ ಶತಮಾನದ ಹೊತ್ತಿಗೆ ಎಂಬ ತಕರಾರನ್ನು ಎತ್ತಬಹುದು. ಆದರೂ ರಾಟೆಯ ಬಗ್ಗೆ ಮಾತಾಡಿದ ಸುಲ್ತಾನರ ಕವಿಗಿಂತ, ರಾಟೆ ತಿರುಗಿಸಿದ ಹೆಂಗಸಿನ ಮಾತು ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ.

ಹೆಸರುಗಳಲ್ಲೂ ಗಾಲಿಯೇ ತುಂಬಿದೆ. ಚರಕ ಪಾರಸಿಯ ‘ಚರ್ಖ್’, ಅಂದರೆ ಗಾಲಿ. ಸಂಸ್ಕೃತದ ಚಕ್ರ, ಇಂಗ್ಲಿಷಿನ ವೀಲ್ ಅದರ ಒಡಹುಟ್ಟು. ರಾಟೆ ಎಂದರೆ ನಮಗೆ ಬಾವಿಯ ರಾಟೆಯೂ ಹೌದು. ಗಾಂಧಿಯುಗದ ಶಾಲೆಗಳಲ್ಲಿ ಮಕ್ಕಳು ತಿರುಗಿಸಿದ ತಕಲಿ ಸಂಸ್ಕೃತದ ‘ತರ್ಕು’ವಿನ ಸಂತಾನ, ಹುರಿಗೊಳಿಸು ಎಂಬರ್ಥದ ಹಳೆಯ ಧಾತುವಿನದು. ಎಂಜಿನಿಯರುಗಳ ‘ಟಾರ್ಕ್’ ಬಂದದ್ದೂ ಅದೇ ಧಾತುವಿನಿಂದ. ಇಂಗ್ಲಿಷಿನಲ್ಲಿ ಎಳೆತದ ಪದ ತಿರುಗುವುದಾಯಿತು. ಸಂಸ್ಕೃತದಲ್ಲಿ ತಿರುಚುವ ಪದ ನೂಲುವ ಕಡ್ಡಿಯಾಯಿತು.

1733ರಲ್ಲಿ ಜಾನ್ ಕೇ ಹಾರುವ ಲಾಳಿಯನ್ನು ಕಂಡುಹಿಡಿದ ಮೇಲೆ ಇಂಗ್ಲೆಂಡಿನ ಮಗ್ಗಗಳು ಚುರುಕಾದವು, ನೂಲು ಸಾಲದಾಯಿತು. 1764ರ ಸುಮಾರಿಗೆ ಜೇಮ್ಸ್ ಹಾರ್‌ಗ್ರೀವ್ಸ್ ಎಂಟು ಕದಿರುಗಳನ್ನು ಒಬ್ಬರೇ ನಡೆಸುವ ‘ಸ್ಪಿನ್ನಿಂಗ್ ಜೆನ್ನಿ’ ಮಾಡಿದ. ನೆಲಕ್ಕೆ ಉರುಳಿದ ರಾಟೆಯ ಕದಿರು ನೆಟ್ಟಗೆ ನಿಂತೇ ತಿರುಗುತ್ತಿದ್ದುದನ್ನು ಕಂಡು ಅವನಿಗೆ ಹೊಳೆಯಿತೆಂಬುದು ಕತೆ. ನೆರೆಯವರು ಹೊಟ್ಟೆಪಾಡಿನ ಭಯದಿಂದ ಯಂತ್ರಗಳನ್ನು ಒಡೆದದ್ದು ಮಾತ್ರ ಕತೆಯಲ್ಲ. 1769ರಲ್ಲಿ ಆರ್ಕ್‌ರೈಟನ ನೀರಿನ ಯಂತ್ರ, 1779ರಲ್ಲಿ ಎರಡರ ಗುಣವನ್ನೂ ಬೆಸೆದ ಕ್ರಾಂಪ್ಟನನ ಯಂತ್ರ ಬಂದವು. ಬೆರಕೆಯಾದ್ದರಿಂದ ಕೊನೆಯದಕ್ಕೆ ಹೇಸರಗತ್ತೆಯ ಹೆಸರೇ ಬಿತ್ತು. ನೂಲುವುದು ಮನೆ ಬಿಟ್ಟು ಗಿರಣಿಗೆ ಹೋಯಿತು. ಮನೆಮಾತಿನಲ್ಲಿ ಉಳಿದ ಸ್ಪಿನ್‌ಗೆ ತಿರುಗುವುದೇ ಮೊದಲ ಅರ್ಥವಾಗಿ ನಿಲ್ಲಲು ಇದರಿಂದ ದಾರಿ ಸಲೀಸಾಯಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕತೆ, ರಾಜಕಾರಣ, ಚೆಂಡು

ಹಡಗಿನ ಮೇಲೆ ಹಗ್ಗ ಹೊಸೆಯುತ್ತ ಕೂತ ನಾವಿಕರು ಹೊತ್ತು ಕಳೆಯಲು ಉದ್ದುದ್ದ ಕತೆ ಹೇಳುತ್ತಿದ್ದರು. ‘ನೂಲು ನೂಲುವುದು’ ಎಂದರೆ ಕತೆ ಕಟ್ಟುವುದು ಎಂಬ ಇಂಗ್ಲಿಷ್ ಮಾತು 19ನೆಯ ಶತಮಾನದ ಆರಂಭದಲ್ಲಿ ಅಲ್ಲಿಂದ ದಡಕ್ಕೆ ಬಂತು. ನಾವು ಕತೆ ಹೆಣೆಯುತ್ತೇವೆ. ಸುಳ್ಳು ಜಾಸ್ತಿಯಾದರೆ ರೈಲು ಬಿಡುತ್ತೇವೆ. ರಾಜಕಾರಣದ ‘ಸ್ಪಿನ್’ ಈ ಕತೆಯ ನೂಲಿನದಲ್ಲ, ಚೆಂಡಿನದು. ಆದ ಸಂಗತಿಗೆ ತಮಗೆ ಬೇಕಾದ ಕಡೆ ತಿರುವು ಕೊಡುವ ಜಾಣರಿಗೆ ‘ಸ್ಪಿನ್ ಡಾಕ್ಟರ್’ ಎಂಬ ಹೆಸರು ಬಳಕೆಗೆ ಬಂದದ್ದು 1984ರ ಅಕ್ಟೋಬರಿನಲ್ಲಿ, ರೇಗನ್ ಮತ್ತು ಮಾಂಡೇಲ್ ನಡುವಿನ ಚುನಾವಣಾ ಚರ್ಚೆಯ ಬಗ್ಗೆ ‘ನ್ಯೂಯಾರ್ಕ್ ಟೈಮ್ಸ್’ ಬರೆದ ಸಂಪಾದಕೀಯದಿಂದ.

ತಿರುಗುವ ಚೆಂಡು ಗಾಳಿಯಲ್ಲಿ ಬಾಗುವುದನ್ನು ಟೆನಿಸ್ ಚೆಂಡಿನಲ್ಲಿ ಗಮನಿಸಿ ನ್ಯೂಟನ್ 1672ರಷ್ಟು ಹಿಂದೆಯೇ ಪತ್ರದಲ್ಲಿ ಬರೆದಿದ್ದ. ಜರ್ಮನಿಯ ಮಾಗ್ನಸ್ 1852ರಲ್ಲಿ ಅದನ್ನು ಪ್ರಯೋಗಕ್ಕೆ ಒಳಪಡಿಸಿದ, ಹೆಸರೂ ಅವನದೇ ನಿಂತಿತು. ಕ್ರಿಕೆಟ್ಟಿನ ಮಾತಿನಲ್ಲಿ ಸ್ಪಿನ್ ಮತ್ತು ಟರ್ನ್ ಬೇರೆಬೇರೆ. ಚೆಂಡು ಗಾಳಿಯಲ್ಲಿ ಸ್ಪಿನ್ ಆಗುತ್ತದೆ, ನೆಲಕ್ಕೆ ಬಿದ್ದ ಮೇಲೆ ಟರ್ನ್ ಆಗುತ್ತದೆ. ಮೊದಲನೆಯದು ಬೆರಳಿನ ಕೊಡುಗೆ, ಎರಡನೆಯದು ಪಿಚ್ಚಿನ ಉತ್ತರ. ಈ ಭೇದ ಕನ್ನಡಿಗರಿಗೆ ಚೆನ್ನಾಗಿ ಗೊತ್ತು, ಏಕೆಂದರೆ ಈ ಕಲೆಯ ಮೂವರು ದೊಡ್ಡವರು ನಮ್ಮವರು. ಬೆರಳಿನಿಂದ ತಿರುಗಿಸುವ ಆಫ್ ಸ್ಪಿನ್ನಿನ ಎರಪಳ್ಳಿ ಪ್ರಸನ್ನ 49 ಟೆಸ್ಟುಗಳಲ್ಲಿ 189 ವಿಕೆಟ್ ಪಡೆದರು. ಬಾಲ್ಯದಲ್ಲಿ ಪೋಲಿಯೊ ತಗುಲಿ ಸೊರಗಿದ ಬಲಗೈಯಿಂದಲೇ ಮೈಸೂರಿನ ಬಿ.ಎಸ್. ಚಂದ್ರಶೇಖರ್ 242 ವಿಕೆಟ್ ಕಿತ್ತರು; 1971ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದಾಗ ಆ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವಿಗೆ ದಾರಿಯಾಯಿತು. 619 ವಿಕೆಟ್‌ಗಳ ಅನಿಲ್ ಕುಂಬ್ಳೆಯವರದು ತಮಾಷೆ. ಚೆಂಡನ್ನು ಹೆಚ್ಚು ತಿರುಗಿಸದ ಸ್ಪಿನ್ನರ್ ಎಂಬುದೇ ಅವರ ಖ್ಯಾತಿ.

ಆಕಾಶದಲ್ಲಿ ಈ ಪದ ಹೆದರಿಕೆಯದು. ಹಾರುವ ಆಸರೆ ಕಳೆದುಕೊಂಡ ವಿಮಾನ ಸುರುಳಿ ಸುತ್ತುತ್ತ ಬೀಳುವುದಕ್ಕೆ ಸ್ಪಿನ್ ಎನ್ನುತ್ತಾರೆ. 1912ರ ಆಗಸ್ಟಿನಲ್ಲಿ ಇಂಗ್ಲೆಂಡಿನ ವಿಲ್ಫ್ರೆಡ್ ಪಾರ್ಕ್ ಹಾಗೆ ಬೀಳುತ್ತಿದ್ದ ವಿಮಾನವನ್ನು, ತಿರುಗುವ ದಿಕ್ಕಿಗೆ ಎದುರಾಗಿ ರಡರ್ ಒತ್ತಿ ಉಳಿಸಿಕೊಂಡ. ಸುರುಳಿಯಿಂದ ಹೊರಬರುವ ದಾರಿ ಹಾಗೆ ಗೊತ್ತಾಯಿತು.

ತಿರುಗದ ಸ್ಪಿನ್

ಪದದ ಅತ್ಯಂತ ವಿಚಿತ್ರ ಬಳಕೆ ಭೌತವಿಜ್ಞಾನದ್ದು. 1925ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಎಂಬ ಇಬ್ಬರು ತರುಣರು, ಪರಮಾಣುವಿನ ಬೆಳಕಿನ ಗೆರೆಗಳು ಒಡೆದು ಕಾಣುವುದನ್ನು ವಿವರಿಸಲು ಎಲೆಕ್ಟ್ರಾನು ಬುಗುರಿಯಂತೆ ತನ್ನ ಸುತ್ತ ತಾನು ತಿರುಗುತ್ತದೆ ಎಂದು ಸೂಚಿಸಿದರು. ಹಿರಿಯರಾದ ಲೊರೆಂಟ್ಸ್ ಲೆಕ್ಕ ಹಾಕಿ ನೋಡಿದರು. ಹಾಗಾಗಬೇಕಾದರೆ ಎಲೆಕ್ಟ್ರಾನಿನ ಮೈ ಬೆಳಕಿಗಿಂತ ಹಲವು ಪಟ್ಟು ವೇಗದಲ್ಲಿ ಸುತ್ತಬೇಕಿತ್ತು. ಗಾಬರಿಯಾದ ಉಲೆನ್‌ಬೆಕ್ ಲೇಖನ ಹಿಂದಕ್ಕೆ ಪಡೆಯಲು ಗುರು ಎರೆನ್‌ಫೆಸ್ಟರ ಬಳಿ ಓಡಿದರೆ, ಅವರು ಅದನ್ನು ಆಗಲೇ ಕಳುಹಿಸಿಬಿಟ್ಟಿದ್ದರು. ಇನ್ನೂ ಚಿಕ್ಕವರು, ಒಂದು ದಡ್ಡತನ ನಿಮಗೆ ದಕ್ಕುತ್ತದೆ ಎಂಬ ಸಮಾಧಾನ ಹೇಳಿದರು. ಅದೇ ವರ್ಷ ಮೊದಲೇ ಈ ಯೋಚನೆ ಹೊಳೆದಿದ್ದ ಕ್ರೋನಿಗ್ ಎಂಬ ಇನ್ನೊಬ್ಬ ತರುಣ, ಭೌತವಿಜ್ಞಾನಿ ಪೌಲಿಯ ಟೀಕೆ ಕೇಳಿ ಅಚ್ಚು ಹಾಕಿಸದೆ ಸುಮ್ಮನಾಗಿದ್ದ. ಕೊನೆಗೆ ಉಳಿದದ್ದು ಗುಣ ಮಾತ್ರ. ಎಲೆಕ್ಟ್ರಾನಿಗೆ ತಿರುಗುವ ವಸ್ತುವಿನ ಕೋನೀಯ ಸಂವೇಗ ಇದೆ, ತಿರುಗುವ ಮೈ ಇಲ್ಲ. ಅದನ್ನು ವಿವರಿಸುವ ಗಣಿತ ಮೊದಲಿನ ಸ್ಥಿತಿಗೆ ಮರಳಲು ಒಂದು ಸುತ್ತು ಸಾಲದು, ಎರಡು ಸುತ್ತು ಬೇಕು. ಹೆಸರು ಮಾತ್ರ ಸ್ಪಿನ್ ಎಂದೇ ಉಳಿಯಿತು.

ಕನ್ನಡಕ್ಕೆ ಈ ಪದ ಎರಡು ಸಲ, ಎರಡು ಬಾಗಿಲಿನಿಂದ ಬಂದಿದೆ. ಗೋಕಾಕ ಜಲಪಾತದ ಬಳಿ 1880ರ ದಶಕದಲ್ಲಿ ಎದ್ದಂಥ ನೂಲಿನ ಗಿರಣಿಗಳ ಜೊತೆ ‘ಸ್ಪಿನ್ನಿಂಗ್ ಮಿಲ್’ ಬಂತು. ಕ್ರಿಕೆಟ್ಟಿನ ಜೊತೆ, ಆಮೇಲೆ ವಾಷಿಂಗ್ ಮೆಷೀನಿನ ಜೊತೆ ‘ಸ್ಪಿನ್’ ಬಂತು. ಎರಡೂ ಒಂದೇ ಪದವೆಂದು ನಮ್ಮ ಕಿವಿ ಗುರುತಿಸುವುದಿಲ್ಲ, ಗುರುತಿಸಬೇಕಾದ ಕಾರಣವೂ ಇಲ್ಲ, ಏಕೆಂದರೆ ನಮ್ಮಲ್ಲಿ ನೂಲು ಮತ್ತು ತಿರುಗು ಎಂದೂ ಬೆರೆತವಲ್ಲ. ಕನ್ನಡ ನೂಲಿನಿಂದ ಬೇರೆಯದನ್ನು ಪಡೆಯಿತು. ಎದೆಗುಂದಿದವನನ್ನು ಹುರಿದುಂಬಿಸುತ್ತೇವೆ, ಅಂದರೆ ಸಡಿಲಾದ ಎಳೆಗೆ ಹುರಿ ತುಂಬುತ್ತೇವೆ. 1924ರ ಡಿಸೆಂಬರಿನ ಬೆಳಗಾವಿ ಕಾಂಗ್ರೆಸ್ಸು, ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ, ಸದಸ್ಯತ್ವದ ಚಂದಾ ಹಣವಲ್ಲ, ತಿಂಗಳಿಗೆ 2000 ಗಜ ನೂಲು ಎಂದು ಗೊತ್ತುಮಾಡಿದ್ದು ಅದೇ ತಿಳಿವಳಿಕೆಯಿಂದ. ಮರುವರ್ಷವೇ ಆ ಕಟ್ಟಳೆ ಸಡಿಲವಾಯಿತು; ನೂಲಿಗೆ ಬದಲು ನಾಲ್ಕಾಣೆಯೂ ಆಗಬಹುದೆಂದಾಯಿತು.

ಇಂಗ್ಲಿಷಿನಲ್ಲಿ ರೇಷ್ಮೆಹುಳು ಗೂಡನ್ನು ‘ಸ್ಪಿನ್’ ಮಾಡುತ್ತದೆ. ರಾಮನಗರದ ಕಡೆಯ ರೈತ ಹುಳುಗಳನ್ನು ಚಂದ್ರಿಕೆಗೆ ಬಿಟ್ಟು ಕಾಯುವಾಗ ‘ಹುಳು ಗೂಡು ಕಟ್ಟುತ್ತಿದೆ’ ಎನ್ನುತ್ತಾನೆ. ಅಲ್ಲಿ ತಿರುಗುವುದು ಯಾವುದೂ ಇಲ್ಲ. ಹುಳು ಅಂಟನ್ನು ಎಲ್ಲಾದರೂ ತಾಗಿಸಿ ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ಎಳೆಯನ್ನು ಎಳೆಯುತ್ತದೆ. ಜೇಡ ಕೂಡ ಎಳೆಯುತ್ತದೆ, ಸುತ್ತುವುದಿಲ್ಲ. ಕಾರ್ಖಾನೆಯ ಎಳೆಯೊಂದರ ಕತೆಯೂ ಹೀಗೆಯೇ. ರಾಷ್ಟ್ರಧ್ವಜದ ಬಟ್ಟೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದದ್ದಾಗಿರಬೇಕು ಎಂದು 2002ರ ಧ್ವಜಸಂಹಿತೆ ಹೇಳುತ್ತಿತ್ತು. 2021ರ ಡಿಸೆಂಬರಿನ ತಿದ್ದುಪಡಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿ ಕೊಟ್ಟಿತು. ಆ ಪಾಲಿಯೆಸ್ಟರಿನ ಎಳೆಯನ್ನು ತಯಾರಿಸುವ ವಿಧಾನಕ್ಕೆ ಕಾರ್ಖಾನೆಯಲ್ಲಿ ‘ಮೆಲ್ಟ್ ಸ್ಪಿನ್ನಿಂಗ್’ ಎಂದು ಹೆಸರು. ಕರಗಿದ ಪಾಲಿಮರನ್ನು ಜೇಡದ ಅಂಗದ ಹೆಸರನ್ನೇ ಹೊತ್ತ ‘ಸ್ಪಿನ್ನರೆಟ್’ ಎಂಬ ತಟ್ಟೆಯ ಕೂದಲೆಳೆಯಷ್ಟು ಸಣ್ಣ ತೂತುಗಳಿಂದ ಒತ್ತಿ ಹೊರಗೆ ಬಿಡುತ್ತಾರೆ. ಅದು ಗಾಳಿಗೆ ಆರಿ ಗಟ್ಟಿಯಾಗುತ್ತಿದ್ದ ಹಾಗೆ ಕೆಳಗಿನಿಂದ ಜೋರಾಗಿ ಎಳೆಯುತ್ತಾರೆ. ಎಳೆಗೆ ಹುರಿ ಇಲ್ಲ, ಕದಿರಿಲ್ಲ, ಬರಿಯ ಎಳೆತ ಅಷ್ಟೆ.